ಐದಕ್ಕೆ ಸೊನ್ನೆ

ಮಂಗಳವಾರ, ಫೆ. 3
ಬಿ.ಎಸ್ಸಿ. ಇಂಟರ್ನಲ್ಸ್ ಪೇಪರ್ ತಿದ್ದಿ ವಾಪಸ್ ಕೊಟ್ಟೆ. ಡಿಎನ್‌ಎ ನಕಲು ಶುರುವಾಗುವುದು ಹೇಗೆ, ಐದು ಮಾರ್ಕ್ಸ್. ಎಲ್ಲರೂ ನನ್ನ ನೋಟ್ಸನ್ನೇ ಕಕ್ಕಿದ್ದಾರೆ. ಹುಂಚದಿಂದ ಬರುವ ಸೌಜನ್ಯಾ ಮಾತ್ರ ಬೇರೆ. ನಕಲು ಒಮ್ಮೆ ಶುರುವಾದ ಮೇಲೆ ಜೆಮಿನಿನ್ ಎಂಬ ಪ್ರೋಟೀನು ಸಿಡಿಟಿ-ಒನ್ ಎಂಬ ಇನ್ನೊಂದನ್ನು ಹಿಡಿದಿಟ್ಟುಕೊಂಡು, ಕೋಶ ವಿಭಜನೆಯ ಅದೇ ಸುತ್ತಿನಲ್ಲಿ ಮತ್ತೆ ಶುರುವಾಗದಂತೆ ತಡೆಯುತ್ತದಂತೆ. ಇಂಥ ಹೆಸರೇ ಕೇಳಿಲ್ಲ. ಸೊನ್ನೆ. ಕ್ಲಾಸಿಗೆಲ್ಲ ಓದಿ ಹೇಳಿದೆ. “ನೀನು ಬರ್ದಿದ್ದಾ, ಮೊಬೈಲ್ ಬರ್ದಿದ್ದಾ?” ಎಲ್ಲರೂ ನಕ್ಕರು. ನಾನೂ.

ಶುಕ್ರವಾರ, ಫೆ. 6
ಲೈಬ್ರರಿಯಲ್ಲಿ ಕೋಶವಿಜ್ಞಾನದ ದಪ್ಪ ಪುಸ್ತಕ ತೆಗೆದೆ. ಎರಡು ವರ್ಷದ ಹಿಂದೆ ನಾನೇ ಹಟ ಹಿಡಿದು ತರಿಸಿದ್ದು. ಒಮ್ಮೆಯೂ ತೆರೆದಿರಲಿಲ್ಲ. ಇದೆ ಜೆಮಿನಿನ್… ಬೆನ್ನೆಲುಬಿರುವ ಪ್ರಾಣಿಗಳ ಕೋಶದಲ್ಲಿ ಅದೇ ಕಾವಲು. ನನ್ನ ನೋಟ್ಸ್ ಯೀಸ್ಟಿನದು, ಅದರಲ್ಲಿ ಈ ಪ್ರೋಟೀನೇ ಇಲ್ಲ. ಹದಿನೆಂಟು ವರ್ಷ ಅದನ್ನೇ ಓದಿ ಬರೆಸಿದ್ದೇನೆ. ಪುಸ್ತಕದ ಹಿಂದಿನ ಚೀಟಿಯಲ್ಲಿ ನಾಲ್ಕು ತಾರೀಖು. ನಾಲ್ಕೂ ಸಲ ಒಂದೇ ಹೆಸರು, ಸೌಜನ್ಯಾ. ನಾಚಿಕೆಯಿಂದ ಕಿವಿ ಬಿಸಿಯಾಯಿತು.
ಅವಳ ಪೇಪರ್ ತರಿಸಿಕೊಂಡು, ಸೊನ್ನೆ ಹೊಡೆದು ಐದು ಮಾಡಿದೆ. ಅಟೆಂಡರ್ ಪುಟ್ಟಪ್ಪನ ಕೈಯಲ್ಲಿ ಅವಳಿಗೆ ವಾಪಸ್ ಕಳಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಸೋಮವಾರ, ಫೆ. 16
ಮುಗಿದಿಲ್ಲ. ಕ್ಲಾಸಿನಲ್ಲಿ ಅವಳನ್ನು ‘ಮೊಬೈಲು’ ಎಂದೇ ಕರೆಯುತ್ತಾರಂತೆ. ಸೆಮಿನಾರ್ ಪಟ್ಟಿಯಿಂದ ಹೆಸರು ತೆಗೆಸಿದ್ದಾಳೆ. ಸಂಜೆ ಹೊಸನಗರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು.
“ಮಾರ್ಕ್ಸ್ ಸರಿ ಮಾಡಿದೀನಲ್ಲಮ್ಮ.”
“ಹೌದು ಸರ್. ಆ ಪೇಪರ್ ನಾನೊಬ್ಳೇ ನೋಡಿದ್ದು.”
ಅಷ್ಟೇ ಹೇಳಿ ಬಸ್ ಹತ್ತಿದಳು. ನಾನು ಕೈಯಲ್ಲಿ ತರಕಾರಿ ಚೀಲ ಹಿಡಿದು ನಿಂತೇ ಇದ್ದೆ.

ಮಂಗಳವಾರ, ಫೆ. 17. ಮಧ್ಯಾಹ್ನ, ಸ್ಟಾಫ್ ರೂಮ್
ಬೆಳಿಗ್ಗೆ ಕ್ಲಾಸಿನಲ್ಲಿ ಹೇಳಿದೆ. “ಸೌಜನ್ಯಾ ಬರ್ದಿದ್ದು ಸರಿ. ನಾನೇ ಓದದೆ ಸೊನ್ನೆ ಹಾಕಿದೆ.” ಅವಳ ಜಾಗ ಖಾಲಿಯಿತ್ತು, ಅದಕ್ಕೇ ಮಾತು ಸಲೀಸಾಗಿ ಬಂತು. ಸಮಾಧಾನವೂ ಆಯಿತು, ಛೀ. ಅಷ್ಟರಲ್ಲಿ ಬಾಗಿಲಲ್ಲಿ—
“ಬಸ್ ಲೇಟಾಯ್ತು. ಬರ್ಲಾ ಸರ್?”
ಮತ್ತೆ ಮೊದಲಿಂದ ಹೇಳಬೇಕು. ಕ್ಲಾಸೆಲ್ಲ ನನ್ನ ಮುಖವನ್ನೇ ನೋಡುತ್ತಿದೆ. ಚಾಕ್‌ಪೀಸ್ ಅವಳತ್ತ ಚಾಚಿದೆ.
“ಬೋರ್ಡ್ ಮೇಲೆ ನೀನೇ ಬರಿ. ನಂಗೆ ಗೊತ್ತಿರ್ಲಿಲ್ಲ.”
ತೆಗೆದುಕೊಳ್ಳಲಿಲ್ಲ.
“ಗೊತ್ತಿರ್ಲಿಲ್ಲ ಅಂದ್ರೆ ಸರಿ ಸರ್. ನಕ್ಕಿದ್ದು ಎಂತಕ್ಕೆ?”
ಅದಕ್ಕೆ ನಾನು ಕ್ಲಾಸಿನ ಕಡೆ ತಿರುಗಿ, “ನಂಗೆ ಗೊತ್ತಿಲ್ಲ ಅನ್ನೋದನ್ನ ಮುಚ್ಚೋಕೆ ನಕ್ಕೆ, ತಪ್ಪು ನಂದೇ” ಅಂದೆ.