ಪರೀಕ್ಷೆಯ ದಿನ ಮಾತ್ರ ಬರುವ ಜ್ವರ

ಸಂಬಳದ ಹೊಸ ಆದೇಶಕ್ಕೆ ಸಹಿ ಹಾಕಿದ ಮಾನ್ಯರೇ,

ನಮ್ಮ ಶಾಲೆಯಲ್ಲಿ ಒಂದು ಹೊಸ ಕಾಯಿಲೆ ಶುರುವಾಗಿದೆ. ಪರೀಕ್ಷೆಯ ಬೆಳಿಗ್ಗೆ ಬರುತ್ತದೆ, ಸಂಜೆಗೆ ಇಳಿಯುತ್ತದೆ, ಓದಲು ತಡವರಿಸುವ ಮಕ್ಕಳನ್ನೇ ಹುಡುಕಿ ಹಿಡಿಯುತ್ತದೆ. ಇಷ್ಟು ಜಾಣ ಜ್ವರವನ್ನು ನಾನು ಕಂಡಿರಲಿಲ್ಲ. ಇದು ಹುಟ್ಟಿದ್ದು ನಿಮ್ಮ ಆದೇಶದಲ್ಲಿ ಎಂಬ ಗುಮಾನಿ ನನಗೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ಮಕ್ಕಳ ಸರಾಸರಿ ಅಂಕ ಹೆಚ್ಚಿದ್ದರೆ ಮೇಷ್ಟ್ರಿಗೆ ವೇತನ ಬಡ್ತಿ, ಅದೂ ಒಂದು ತರಗತಿಗೆ ಒಬ್ಬರಿಗೇ ಎಂದಿರಿ. ಕೇಳಲು ನ್ಯಾಯವಾಗಿಯೇ ಇದೆ. ಕೆಲಸಗಳ್ಳರು ನಮ್ಮಲ್ಲೂ ಇದ್ದಾರೆ, ಸುಳ್ಳೇಕೆ ಹೇಳಲಿ? ಆದರೆ ನಮ್ಮ ನಾಲ್ಕನೆಯ ತರಗತಿಯ ಕತೆಯನ್ನು ಸ್ವಲ್ಪ ಕೇಳಿ. ಅದಕ್ಕೆ ಎರಡು ವಿಭಾಗ, ಎರಡು ಕೋಣೆ, ನಡುವೆ ಒಂದು ಕದ. ಈಚೆ ನಾನು, ಆಚೆ ಮಕ್ಕಳೆಲ್ಲ ಲೆಕ್ಕದಕ್ಕ ಎಂದು ಕರೆಯುವ ಟೀಚರು. ಭಿನ್ನರಾಶಿ ಎಂದರೆ ನನಗೆ ಇಂದಿಗೂ ಮೈ ಬೆವರುತ್ತದೆ. ಕತೆ ಓದಿಸಲು ಕೂತರೆ ಅವರಿಗೇ ಮೊದಲು ಆಕಳಿಕೆ ಬರುತ್ತದೆ. ಹಾಗಾಗಿ ಕದ ತೆಗೆದಿಟ್ಟು, ಲೆಕ್ಕಕ್ಕೆ ನನ್ನ ಮಕ್ಕಳನ್ನು ಆಚೆ ಕಳಿಸುತ್ತಿದ್ದೆ, ಓದಿಗೆ ಅವರ ಮಕ್ಕಳನ್ನು ಈಚೆ ಕರೆದುಕೊಳ್ಳುತ್ತಿದ್ದೆ. ಯಾವ ಆದೇಶವೂ ಇಲ್ಲದೆ ವರ್ಷಗಟ್ಟಲೆ ನಡೆದ ಏರ್ಪಾಡು ಇದು.

ನಿಮ್ಮ ಆದೇಶ ಬಂದ ವಾರವೇ ಆ ಬದಿಯಿಂದ ಚಿಲಕ ಬಿತ್ತು.

"ಏನಕ್ಕಾ ಇದು?" ಎಂದೆ.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನಿಮ್ಮ ಮಕ್ಕಳಿಗೆ ನಾನು ಕಲಿಸಿದ್ರೆ ಅಂಕ ಬೀಳೋದು ನಿಮ್ಮ ಹೆಸರಿಗೆ. ಬಡ್ತಿ ಒಂದು, ನಾವು ಇಬ್ರು."

"ಓದು ಯಾರು ಮಾಡಿಸ್ತಾರೆ? ನೀವು ಕತೆ ಹೇಳಿದ್ರೆ ಮಕ್ಕಳು ಗೊರಕೆ ಹೊಡೀತಾರೆ."

"ಹೊಡೀಲಿ ಬಿಡಿ. ನಿಮ್ಮ ಭಿನ್ನರಾಶಿ ನೋಡಿ ಅಳೋದಕ್ಕಿಂತ ವಾಸಿ."

ಇಬ್ಬರೂ ನಕ್ಕೆವು. ಚಿಲಕ ಮಾತ್ರ ತೆಗೆಯಲಿಲ್ಲ.

ಆ ಚಿಲಕದ ಆಚೆ ಸಿಕ್ಕಿಕೊಂಡವಳು ಪಿಸುಮಾತಿ. ಗಟ್ಟಿಯಾಗಿ ಓದಲು ಹೆದರಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿ ಓದುವ ಹುಡುಗಿ. ಅದಕ್ಕೇ ಆ ಅಡ್ಡಹೆಸರು. ಅಕ್ಷರದಿಂದ ಪದಕ್ಕೆ, ಪದದಿಂದ ಒಂದು ಇಡೀ ಸಾಲಿಗೆ ಬಂದಿದ್ದಳು. ಅಲ್ಲಿಗೇ ನಿಂತಳು. ಪರೀಕ್ಷೆಯ ಹಿಂದಿನ ದಿನ, ಇಡೀ ಶಾಲೆಯ ಸರಾಸರಿಗೆ ಉತ್ತರ ಹೇಳಬೇಕಾದ ಹೆಡ್ ಮೇಷ್ಟ್ರು ಅವಳ ಅಪ್ಪನನ್ನು ಕರೆಸಿ, "ಮಗು ಸುಸ್ತಾದ ಹಾಗಿದೆ, ನಾಳೆ ಮನೇಲೇ ಇರಲಿ" ಎಂದರು. ಅಪ್ಪ ಸೈಕಲ್ ರಿಪೇರಿಯವನು. ಮರುದಿನ ಗೇಟಿನ ಹತ್ತಿರ ನನ್ನನ್ನು ತಡೆದ.

"ಬೆಳಿಗ್ಗೆಯಿಂದ ಹಣೆ ಮುಟ್ಟಿ ಮುಟ್ಟಿ ನೋಡ್ದೆ ಮೇಷ್ಟ್ರೇ. ತಣ್ಣಗಿದೆ. ಶಾಲೆಯವರಿಗೆ ಮಾತ್ರ ಕಾಣೋ ಜ್ವರ ಯಾವುದು ಸ್ವಾಮಿ?"

ಇದಕ್ಕೆ ಉತ್ತರ ನಿಮ್ಮಲ್ಲಿದೆ. ಗೈರುಹಾಜರಾದ ಮಗುವನ್ನು ಸರಾಸರಿಗೆ ಸೇರಿಸಬೇಕಿಲ್ಲ ಎಂದು ಬರೆದವರು ನೀವೇ. ಬರೆಯುವಾಗ ಕೈ ಮರೆಯಿತೋ, ಕಣ್ಣು ಹೊಡೆಯಿತೋ? ಪ್ರತಿ ಮೇಜಿನ ಧೂಳಿಗೂ ಒಂದು ನಿಯಮ ಮಾಡಿದವರಿಗೆ ಈ ತೂತು ಕಾಣಲಿಲ್ಲವೆಂದರೆ ನಂಬಲೇ? ನಾಳೆ ಸರಾಸರಿ ಏರಿತು, ಸುಧಾರಣೆ ಗೆದ್ದಿತು ಎಂದು ನೀವು ಹೇಳುತ್ತೀರಿ. ಖಾಲಿ ಬೆಂಚಿನ ಬಗ್ಗೆ ಯಾರು ಹೇಳುತ್ತಾರೆ?

ಗೈರುಹಾಜರಾದ ಮಗುವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಡ್ತಿ ಕೊಡುವುದಾದರೆ ಒಂದು ತರಗತಿಯ ಎಲ್ಲ ಮೇಷ್ಟ್ರಿಗೂ ಸೇರಿಸಿ ಕೊಡಿ; ಕದ ತಾನಾಗಿ ತೆರೆದುಕೊಳ್ಳುತ್ತದೆ. ಇದಿಷ್ಟೇ ನನ್ನ ಬೇಡಿಕೆ.

ನೀವು ಯೋಚಿಸುವವರೆಗೆ ಪಿಸುಮಾತಿ ಕಾಯಲಾರಳು. ಅವಳನ್ನು ನನ್ನ ವಿಭಾಗಕ್ಕೆ ಕೇಳಿ ಪಡೆದಿದ್ದೇನೆ. ಲೆಕ್ಕದಕ್ಕ ಚಿಲಕ ತೆಗೆದು, ಅವಳ ಚೀಲವನ್ನು ತಾವೇ ಈಚೆ ದಾಟಿಸಿ, ತಲೆ ತಗ್ಗಿಸಿ ಮತ್ತೆ ಚಿಲಕ ಹಾಕಿಕೊಂಡರು. ಮುಂದಿನ ಪರೀಕ್ಷೆಯ ದಿನ ಅವಳು ನನ್ನ ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ಅವತ್ತು ಅವಳಿಗೆ ಜ್ವರ ಬರುವುದಿಲ್ಲ. ಅದಕ್ಕೆ ನಾನು ಜವಾಬ್ದಾರ.

ಇಂತಿ,
ಮುಂದಿನ ವರ್ಷದ ನಿಮ್ಮ ಸರಾಸರಿ ಪಟ್ಟಿಯಲ್ಲಿ ಕೆಳಗಿನಿಂದ ಹುಡುಕಿದರೆ ಬೇಗ ಸಿಗುವ,
ಕದದ ಈಚೆ ಬದಿಯ ಮೇಷ್ಟ್ರು