ಲೇಬಲ್ ಮೇಲೆ ಬರೆಯಬೇಕಾದದ್ದು

ಮಾರ್ಚ್ 4, ಬೆಳಿಗ್ಗೆ 6
ಡ್ಯೂಟಿಗೆ ಹೊರಡುವ ಮುನ್ನ ನಾಲ್ಕು ಸಾಲು. ನಿನ್ನೆ ಡೇರಿ ಲ್ಯಾಬಿನಲ್ಲಿ ನಲವತ್ತು ಹಾಲಿನ ಸ್ಯಾಂಪಲ್. ಟ್ಯಾಂಕರ್ ಡ್ರೈವರ್ "ಹಾಲು ಚೆನ್ನಾಗೇ ಇದೆ ಮೇಡಂ, ಟೆಸ್ಟ್ ಯಾಕೆ?" ಅಂದ. "ಚೆನ್ನಾಗಿದ್ರೆ ಭಯ ಯಾಕಪ್ಪಾ?" ಅಂತ ದಬಾಯಿಸಿದೆ.

ಮನೆಯಲ್ಲಿ ಮಾತ್ರ ಕಪಾಟಿನ ಟವೆಲ್ ಹಿಂದೆ ಎರಡು ಕವರ್. ಐವತ್ತು ದಾಟಿದವರಿಗೆ ಅಂಚೆಯಲ್ಲಿ ಬಂದದ್ದು, ಕರುಳಿನ ಕ್ಯಾನ್ಸರ್ ತಪಾಸಣೆಗೆ. ನನಗೊಂದು, ನಮ್ಮ ಯಜಮಾನರಿಗೊಂದು. ಮಲದ ಚೂರನ್ನು ಕಡ್ಡಿಯಲ್ಲಿ ತೆಗೆದು ಟ್ಯೂಬಿಗೆ ಹಾಕಿ ಕಳಿಸಬೇಕು. ಐದು ತಿಂಗಳಾಯಿತು. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿಗಿಷ್ಟು ಮಣ್ಣು!

ಮಾರ್ಚ್ 9
ನಾಚಿಕೆ ಅಂದುಕೊಂಡಿದ್ದೆ. ಸುಳ್ಳು. ಭಯ. ಅಕ್ಕ ಮಲದಲ್ಲಿ ರಕ್ತ ಹೋಗುವುದನ್ನು ಒಂದು ವರ್ಷ ಮುಚ್ಚಿಟ್ಟಳು. "ಇಂಥದ್ದನ್ನ ಯಾರ ಹತ್ರ ಹೇಳೋದೇ?" ಅಂದಳು, ಕೊನೆಗೆ, ಆಸ್ಪತ್ರೆ ಮಂಚದ ಮೇಲೆ. ನನಗೆ ನೋವಿಲ್ಲ, ರಕ್ತವಿಲ್ಲ. ಆದರೂ ಆ ಕವರ್ ಕಂಡರೆ ಟವೆಲ್ ಇನ್ನಷ್ಟು ಎಳೆದು ಮುಚ್ಚುತ್ತೇನೆ...

ಇವರದ್ದು ಒಂದೇ ಮಾತು. "ಗುಂಡುಕಲ್ಲಿನ ಹಾಗಿದ್ದೀನಿ ಕಣೇ. ನನಗೇನು ಧಾಡಿ?"

ಮಾರ್ಚ್ 17, ಬೆಳಿಗ್ಗೆ 7
ಆಯ್ತು! ಆಯ್ತು! ಬಾಗಿಲು ಹಾಕಿ, ನಲ್ಲಿ ಜೋರಾಗಿ ಬಿಟ್ಟು, ಎರಡೇ ನಿಮಿಷ. ಇಷ್ಟೇನಾ?! ಬೀದಿ ತುದಿಯ ಅಂಚೆಡಬ್ಬಿಗೆ ಓಡಿದೆ. ವಾಪಸ್ ಬಂದು ನೋಡಿದರೆ ಕಾಲಲ್ಲಿ ಒಂದು ನನ್ನ ಚಪ್ಪಲಿ, ಒಂದು ಇವರದು.

ಮಾರ್ಚ್ 28
ಪತ್ರ! ನಿಂತಲ್ಲೇ ಒಡೆದೆ. "ಟ್ಯೂಬಿನ ಲೇಬಲ್ ಮೇಲೆ ತಾರೀಖಿನ ಜಾಗದಲ್ಲಿ 'ಬ್ಯಾಚ್ 1, ಮೊದಲ ಶಿಫ್ಟ್' ಎಂದಿದೆ. ಪರೀಕ್ಷಿಸಲಾಗದು. ಹೊಸ ಕಿಟ್ ಕಳಿಸಿದ್ದೇವೆ." ಅಯ್ಯೋ ರಾಮಾ! ಡೇರಿಯಲ್ಲಿ ಇಪ್ಪತ್ತಾರು ವರ್ಷದ ರೂಢಿ, ಕೈ ತಾನೇ ಬರೆದುಬಿಟ್ಟಿದೆ.

ಇವರು ಬಿದ್ದು ಬಿದ್ದು ನಕ್ಕರು. "ಕೊಬ್ಬಿನಂಶ ಎಷ್ಟು ಅಂತ ಬರೀಲಿಲ್ವೇನೇ?" ನನಗೂ ನಗು ತಡೆಯಲಿಲ್ಲ. ಈ ವಿಷಯವನ್ನು ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದು ಇದೇ ಮೊದಲು. ನಾಳೆಯೇ ಮತ್ತೆ ಕಳಿಸುತ್ತೇನೆ.

ಏಪ್ರಿಲ್ 16
ಪತ್ರ ಬಂತು. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸಿಕ್ಕಿದೆಯಂತೆ. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕಂತೆ. ಪತ್ರವನ್ನು ಇವರ ಕೈಗಿಟ್ಟೆ. ಇವರು ನಗಲಿಲ್ಲ. ರಜೆ ಹಾಕಿದರು. "ನಾನಿದ್ದೀನಿ, ನಡಿ."

ಮೇ 13, ಮಧ್ಯಾಹ್ನ
ರಿಪೋರ್ಟ್ ಬಂತು! ಕ್ಯಾಮೆರಾ ಬಿಟ್ಟ ದಿನ ಕರುಳಿನಿಂದ ತೆಗೆದ ಗಂಟು ಕಡಲೆಕಾಳಿನಷ್ಟು — "ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ರೆ ಆಗಬಹುದಿತ್ತು" ಅಂದರು ಡಾಕ್ಟರಮ್ಮ. ಕುಣಿಯೋಣ ಅನ್ನಿಸುತ್ತಿದೆ! ಬಸ್‌ಸ್ಟಾಪಿನಲ್ಲೇ ಅಳುತ್ತ ನಕ್ಕೆ. ಇವರು ಮಾತ್ರ ದಾರಿಯುದ್ದಕ್ಕೂ ಆ ರಿಪೋರ್ಟನ್ನೇ ತಿರುಗಿಸಿ ತಿರುಗಿಸಿ ಓದಿದರು.

ಅಕ್ಕಾ, ನೀನೂ ಹೇಳಬಹುದಿತ್ತು ಕಣೇ. ನಾವ್ಯಾರೂ ಅಸಹ್ಯಪಡುತ್ತಿರಲಿಲ್ಲ.

ಮೇ 14, ಬೆಳಿಗ್ಗೆ 6
ಕಪಾಟು ತೆರೆದೆ. ಟವೆಲ್ ಹಿಂದೆ ಇವರ ಕವರ್ ಇಲ್ಲ! ಟಾಯ್ಲೆಟ್ ಬಾಗಿಲಿಗೆ ಒಳಗಿನಿಂದ ಚಿಲಕ. ನಲ್ಲಿ ಜೋರಾಗಿ ಬಿಟ್ಟಿದೆ. ಗುಂಡುಕಲ್ಲು ಒಳಗಿದೆ!! ಉಸಿರು ಬಿಗಿಹಿಡಿದು ಬರೆಯುತ್ತಿದ್ದೇನೆ.

ಕೂಗುತ್ತಿದ್ದಾರೆ — "ಲೇ, ಲೇಬಲ್ ಮೇಲೆ ಎಷ್ಟನೇ ಶಿಫ್ಟು ಅಂತ ಬರೀಲೇ?"

ತಾರೀಖು ರೀ, ಬರೀ ತಾರೀಖು! ಪೆನ್ನು ಬೇಕಂತೆ. ಮನೆಯಲ್ಲಿ ಬರೆಯುವ ಪೆನ್ನು ಇದೊಂದೇ. ಬಂದೆ, ಇರಿ, ತಗೊ—