ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ

ಅಕ್ಕಾ,

ಬಾಗಿಲ ಚಿಲಕ ಎರಡು ಸಲ ನೋಡಿ, ಸ್ಟವ್ ಆರಿಸಿದ್ದೇನಾ ಅಂತ ಒಂದು ಸಲ ನೋಡಿ, ಆಮೇಲೆ ಬರೆಯಲು ಕೂತಿದ್ದೇನೆ. ನೀನಿದ್ದರೆ "ಮೂರನೇ ಸಲ ಯಾರು ನೋಡುದು, ನಾನಾ?" ಅನ್ನುತ್ತಿದ್ದೆ. ನೀನು ಹೋಗಿ ಐದು ತಿಂಗಳಾಯ್ತು. ನನಗೆ ಅಳು ಬರಲಿಲ್ಲ. ದಿನಾ ಹೋಟೆಲಿಗೆ ಹೋಗಿ ಡಿಕಾಕ್ಷನ್ ಇಳಿಸುತ್ತೇನೆ, ಕೈ ಅದರಷ್ಟಕ್ಕೇ ಕೆಲಸ ಮಾಡುತ್ತದೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನ ಗಂಟಲಿನ ಬಗ್ಗೆ ಒಂದು ಸುದ್ದಿ ಉಂಟು.

ಬರ್ಮಾ ಬಜಾರಿನಿಂದ ಟೇಪ್ ರೆಕಾರ್ಡರ್ ತಂದ ದಿನ ನೆನಪಿದೆಯಾ? ಕಡಲ ಗಾಳಿಗೆ ತುಕ್ಕು ಹಿಡಿದೀತು ಅಂತ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಮೈಲಾಪುರದವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ. "ಎಂತ ಮಾರಾಯ, ಮಗುವಾ ಅದು?" ಅಂದೆ ನೀನು. ಮೈಕು ಪೆಟ್ಟಿಗೆಯ ಒಳಗೇ ಇದ್ದದ್ದರಿಂದ ಮೊದಲ ಸಲ ನಿನ್ನ ಹಾಡಿನ ಜೊತೆ ಮೋಟರಿನ ಗುಂಯ್ ಸದ್ದೂ ಸೇರಿತು. "ಇದು ನಾನು ಹಾಡಿದ್ದಾ, ನಿಮ್ಮ ಹೋಟೆಲಿನ ಗ್ರೈಂಡರ್ ಹಾಡಿದ್ದಾ?"

ದೊಡ್ಡಣ್ಣನ ಮಗಳ ಮದುವೆಗೆ ಕುಂದಾಪುರಕ್ಕೆ ಹೋಗಲು ನನಗೆ ರಜೆ ಸಿಗಲಿಲ್ಲ, ನನ್ನನ್ನು ಬಿಟ್ಟು ನೀನು ಹೊರಡಲಿಲ್ಲ. ಆರತಿಯ ಹಾಡಾದರೂ ಹೋಗಲಿ ಅಂತ ನೀನೇ ಕಟ್ಟಿದ್ದನ್ನು ರೆಕಾರ್ಡ್ ಮಾಡಲು ಕೂತೆವು. ಈ ಸಲ ವೈರಿನ ಮೈಕು ತಂದಿದ್ದೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಅದನ್ನು ನೇತುಹಾಕಿ, ದನಿ ಗೋಡೆಗೆ ಬಡಿದು ವಾಪಸು ಬಾರದ ಹಾಗೆ ಎರಡು ಕಂಬಳಿ ಕಟ್ಟಿದೆ. ಫ್ಯಾನ್ ನಿಲ್ಲಿಸಿದೆ. ನೀನು ಹತ್ತಿರ ಬಂದರೆ 'ಪ' ಅಂದಾಗೆಲ್ಲ ಮೈಕು ಗುದ್ದುತ್ತಿತ್ತು, ದೂರ ಹೋದರೆ ಕೋಣೆಯೇ ಹಾಡಿದ ಹಾಗೆ. ಕೊನೆಗೆ ಒಂದೂವರೆ ಗೇಣು ನೂಲು ಅಳೆದು ಮೈಕಿನಿಂದ ನಿನ್ನ ಮೂಗಿನವರೆಗೆ ಹಿಡಿದೆ. "ಹಾಡಿಸ್ತೀಯಾ, ಗಾಳ ಹಾಕ್ತೀಯಾ?" ಅಂದೆ ನೀನು. ಬೆವರು ಒರೆಸಿಕೊಂಡು ಏಳು ಸಲ ಹಾಡಿದೆ. ಏಳನೆಯದು ಎಷ್ಟು ಚೆನ್ನಾಗಿ... ಅದನ್ನೇ ಮದುವೆಗೆ ಕಳಿಸಿದೆವು.

ಮದುವೆ ಮುಗಿಸಿ ಬಂದವರ ಕೈಯಲ್ಲಿ ಅತ್ತಿಗೆ ಕ್ಯಾಸೆಟ್ ವಾಪಸು ಕಳಿಸಿದ ದಿನ ನೀನು ಅಕ್ಕಿ ಆರಿಸುತ್ತಿದ್ದೆ. ಜೊತೆಗೆ ಚೀಟಿ: 'ಕಂಬಳಿ ಹೊದ್ದು ಹಾಡಿದ ಹಾಗಿದೆ. ಮಾತೇ ತಿಳಿಯಲಿಲ್ಲ. ಹುಡುಗಿಯರು ಬೇರೆ ಹಾಡು ಹೇಳಿದರು.' ನಾನು ಕೂಡಲೇ ಹಾಕಿ ತೋರಿಸಿದೆ. ನಮ್ಮ ಮೆಷಿನ್ನಿನಲ್ಲಿ ಒಂದೊಂದು ಅಕ್ಷರವೂ ಕೇಳುತ್ತಿತ್ತಲ್ಲ! ಅವರದ್ದೇ ಡಬ್ಬಾ ಮೆಷಿನ್ನು ಅಂದೆ. ನೀನು ಮೊರದಿಂದ ತಲೆ ಎತ್ತಲಿಲ್ಲ. "ನೀನು ನನ್ನ ತಮ್ಮ, ಅದಕ್ಕೆ ನಿಂಗೆ ಚಂದ ಕೇಳ್ತದೆ. ನನ್ನ ಗಂಟಲು ಹೋಯ್ತು, ಬಿಡು." ಆಮೇಲೆ ಎಷ್ಟು ಕೇಳಿದರೂ ಮೈಕಿನ ಮುಂದೆ ಕೂರಲಿಲ್ಲ. ನಾನು ಇನ್ನೂ ಒತ್ತಾಯ ಮಾಡಬೇಕಿತ್ತಾ?

ನಿನ್ನ ಹದಿಮೂರನೇ ದಿನ ಕಳೆದ ಮೇಲೆ ಆ ಕ್ಯಾಸೆಟ್ ಕೇಳೋಣ ಅನ್ನಿಸಿತು. ಆದರೆ ಹಳೇ ಮೆಷಿನ್ನು ಟೇಪನ್ನು ತಿಂದುಬಿಟ್ಟರೆ? ಇರುವುದು ಒಂದೇ. ಮೊದಲು ಸರ್ವಿಸಿಗೆ ಕೊಟ್ಟೆ. ಎಲ್ಲ ಬಿಚ್ಚಿ, ಒರೆಸಿ, ಸರಿ ಮಾಡಿಕೊಟ್ಟರು. ಮನೆಗೆ ತಂದು ಹಾಕಿದರೆ ಕಂಬಳಿ. ಅತ್ತಿಗೆ ಬರೆದ ಹಾಗೇ. ನಿನ್ನ ದನಿ ಎಲ್ಲೋ ಅಡಿಯಲ್ಲಿ, ಮಾತು ಮುದ್ದೆ ಮುದ್ದೆ. ಉಳಿದದ್ದೂ ಹೋಯ್ತು ಅಂದುಕೊಂಡೆ. ಆಗಲೂ ಅಳು ಬರಲಿಲ್ಲ. ಟೇಪು ಮುಗಿದು ಗುಂಡಿ ಟಕ್ ಅಂತ ಮೇಲೆದ್ದ ಮೇಲೆ ಮೆಷಿನ್ನನ್ನು ಪುನಃ ಬೈರಾಸಿನಲ್ಲಿ ಸುತ್ತಿದೆ.

ರಿಚಿ ಸ್ಟ್ರೀಟಿನಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಭಾಯ್ ಅನ್ನುತ್ತಾರೆ. ಅವರ ಹತ್ತಿರ ಒಯ್ದೆ. ಅವರು ಎರಡೇ ನಿಮಿಷ ಕೇಳಿ ನಕ್ಕರು. "ತಂಬೀ, ಮೆಷಿನ್ ಇಪ್ಪೋ ನೇರಾ ಇರುಕ್ಕು. ಟೇಪ್ ದಾನ್ ಕೋಣಲ್." ಮೆಷಿನ್ನು ಈಗ ನೆಟ್ಟಗಿದೆ, ಟೇಪೇ ಓರೆ ಅಂತ. ಟೇಪು ಉಜ್ಜಿ ಹೋಗುವ ಹೆಡ್ಡು ನಮ್ಮದರಲ್ಲಿ ತಂದ ದಿನದಿಂದಲೂ ಸ್ವಲ್ಪ ವಾಲಿತ್ತಂತೆ. ವಾಲಿದ ಹೆಡ್ಡು ತುಂಬಿದ ಹಾಡು ಅಷ್ಟೇ ವಾಲಿದ ಹೆಡ್ಡಿಗೆ ಮಾತ್ರ ಸರಿಯಾಗಿ ಕೇಳುತ್ತದಂತೆ, ನೆಟ್ಟಗಿರುವ ಮೆಷಿನ್ನುಗಳಿಗೆಲ್ಲ ಮಂಕು. ನಾನು ಸರ್ವಿಸ್ ಮಾಡಿಸಿದ್ದೇ ಅದನ್ನು ನೆಟ್ಟಗೆ ಮಾಡಿತು.

"ಕೆಡಿಸಿಕೊಡಿ ಭಾಯ್" ಅಂದೆ. ಹಾಡು ಓಡುತ್ತಿರುವಾಗಲೇ ಅವರು ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದರು, ಅರ್ಧ ಸುತ್ತೂ ಇಲ್ಲ. ನೀನು ಹೊರಗೆ ಬಂದೆ. ಮೊದಲು ಬಳೆ, ಆಮೇಲೆ ಉಸಿರು, ಆಮೇಲೆ ಮಾತು. "ಯಾರಪ್ಪಾ?" ಕೇಳಿದರು. ಅಕ್ಕ ಅಂದೆ. ಅವರು ಟೀಗೆ ಹೇಳಿ, ನೆಟ್ಟಗಿರುವ ಇನ್ನೊಂದು ಮೆಷಿನ್ನಿಗೆ ವೈರು ಕೊಟ್ಟು ಹೊಸ ಕ್ಯಾಸೆಟ್ಟಿಗೆ ಇಳಿಸಿದರು. ನಮ್ಮದರ ಸ್ಕ್ರೂ ಮೇಲೆ, ಇನ್ನು ಯಾರೂ ಮುಟ್ಟದ ಹಾಗೆ, ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟರು.

ಹೊಸ ಕ್ಯಾಸೆಟ್ ಊರಿಗೆ ಕಳಿಸಿದ್ದೆ. ಇವತ್ತು ಅತ್ತಿಗೆಯ ಕಾಗದ ಬಂತು. 'ಅದೇ ಹಾಡನ್ನು ಸಾಯುವ ಮೊದಲು ಪುನಃ ಹಾಡಿಸಿದ್ದೆಯಾ? ಎಷ್ಟು ಸ್ಪಷ್ಟ. ಎದುರಿಗೇ ಕೂತ ಹಾಗಿದೆ' ಅಂತ ಬರೆದಿದ್ದಾರೆ. ನಾಳೆ ಉತ್ತರ ಹಾಕುತ್ತೇನೆ. ಪುನಃ ಹಾಡಿಸಿದ್ದಲ್ಲ, ಅದು ಆವತ್ತಿನದೇ, ಏಳನೆಯದು ಅಂತ.

ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ ಅಕ್ಕಾ. ಓರೆ ಇದ್ದದ್ದು ನಾನು ತೊಡೆಯ ಮೇಲಿಟ್ಟು ತಂದ ಮೆಷಿನ್ನು.

ನಿನ್ನ ತಮ್ಮ